ಅಫೀಮಿನ ವ್ಯಸನವೂ ಮನಸ್ಸಿನ ಖಿನ್ನತೆಯೂ

“ಗುರುಗಳೇ, ಗುಳಿಗೆ ಬಿಡಿಸಿದರೆ ಅಣ್ಣನ ದುಃಖವೂ ಹೋಗುವುದೇ?” ಎಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರವೇ ಈ ಪಾಠ.

ಗಸಗಸೆ ಗಿಡದ ಕಾಯಿಯ ಹಾಲೇ ಅಫೀಮು. ಅದರಿಂದ ಮಾರ್ಫಿನ್ನನ್ನೂ, ಮಾರ್ಫಿನ್ನಿನಿಂದ ಹೆರಾಯಿನ್ನನ್ನೂ ತಯಾರಿಸುವರು. ಟ್ರಮಡಾಲ್ ಎಂಬ ನೋವಿನ ಗುಳಿಗೆಯೂ ಇದೇ ವರ್ಗದ್ದು. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 2 ಮಂದಿ ಈ ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು.

ವ್ಯಸನಿಯು ಇದನ್ನು ಬಿಟ್ಟೊಡನೆ ಮೈಕೈ ನೋಯುತ್ತವೆ, ನಿದ್ರೆ ಬಾರದು, ಊಟ ಸೇರದು, ಮನಸ್ಸು ಕಳವಳಗೊಳ್ಳುತ್ತದೆ. ಖಿನ್ನತೆಯ ರೋಗದಲ್ಲಿಯೂ ನಿದ್ರೆ ಕೆಡುವುದು, ಹಸಿವು ಕುಂದುವುದು. ಹೀಗಿರಲು ಎರಡನ್ನೂ ಬೇರ್ಪಡಿಸುವುದು ಹೇಗೆ?

ಹ್ಯಾಮಿಲ್ಟನ್ ಎಂಬ ವೈದ್ಯರು 1960ರಲ್ಲಿಯೂ, ಬೆಕ್ ಎಂಬವರು 1961ರಲ್ಲಿಯೂ ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಗಳನ್ನು ರಚಿಸಿದರು. ಇಂದು 9 ಪ್ರಶ್ನೆಗಳ ಪಟ್ಟಿಯೊಂದು ಹೆಚ್ಚಾಗಿ ಬಳಕೆಯಲ್ಲಿದೆ. ಅದು ಕಳೆದ 2 ವಾರಗಳ ಸ್ಥಿತಿಯನ್ನು ಕೇಳುತ್ತದೆ. ಒಟ್ಟು ಅಂಕಗಳು 27. ಅಂಕ 10 ಅಥವಾ ಹೆಚ್ಚಾದರೆ ವೈದ್ಯರು ಇನ್ನಷ್ಟು ವಿಚಾರಿಸುವರು. ಆದರೆ ಅಂಕವೇ ತೀರ್ಪಲ್ಲ.

ನಮ್ಮ ರಾಜೋಳಿಯ ತುಂಗಭದ್ರೆಗೆ ಹೊಸನೀರು ಬಂದಾಗ ತಳ ಕಾಣುವುದಿಲ್ಲ. ಕೆಸರು ಇಳಿದ ಮೇಲೆ ಕಾಣುತ್ತದೆ. ಅಂತೆಯೇ ಚಿಕಿತ್ಸೆ ಆರಂಭವಾದ ಕೆಲವು ವಾರಗಳ ಬಳಿಕ ವೈದ್ಯರು ಮತ್ತೊಮ್ಮೆ ಪರೀಕ್ಷಿಸುವರು. ಅನೇಕರಲ್ಲಿ ಅಷ್ಟರೊಳಗೆ ದುಃಖವು ತಗ್ಗಿರುತ್ತದೆ. ತಗ್ಗದಿದ್ದರೆ, ಅಥವಾ ವ್ಯಸನಕ್ಕಿಂತ ಮೊದಲೇ ಇದ್ದಿದ್ದರೆ, ಅದು ಪ್ರತ್ಯೇಕ ರೋಗವಾಗಿರಬಹುದು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ವ್ಯಸನಕ್ಕೆ ಮೊದಲು ಮಗನು ಹೇಗಿದ್ದನೆಂಬುದನ್ನು ತಂದೆತಾಯಿಗಳಲ್ಲದೆ ಮತ್ತಾರು ಬಲ್ಲರು? ಆದುದರಿಂದ ವೈದ್ಯರ ಮುಂದೆ ಏನನ್ನೂ ಮುಚ್ಚಿಡಬಾರದು.

ಒಂದು ಪ್ರಶ್ನೆಯು ಮಾತ್ರ ಕೆಸರು ಇಳಿಯುವವರೆಗೆ ಕಾಯಲಾಗದು. ಮುಳುಗುತ್ತಿರುವವನನ್ನು ಕಂಡಾಗ ನೀರು ತಿಳಿಯಾಗಲೆಂದು ಯಾರೂ ನಿಲ್ಲುವುದಿಲ್ಲ. “ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?” ಎಂದು ಮೊದಲನೆಯ ದಿನವೇ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ವೇಳೆ ಕೇಳಿದ್ದರಿಂದಲೇ ಮನಸ್ಸು ಹಗುರಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಕ್ಕೂ ಮನೋರೋಗಕ್ಕೂ ಚಿಕಿತ್ಸೆಯುಂಟು. ದೂರ ಹೋಗಲಾರದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಗೆ, ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು.

ಆ ವಿದ್ಯಾರ್ಥಿಗೆ ನಾನು ಹೇಳಿದುದಿಷ್ಟೆ: “ಹೋಗಬಹುದು, ಉಳಿಯಲೂಬಹುದು, ಉಳಿದರೆ ಅದಕ್ಕೂ ಔಷಧವುಂಟು. ಅಣ್ಣನನ್ನು ಹಳಿಯಬೇಡ, ಒಂಟಿಯಾಗಿ ಬಿಡಬೇಡ.”