ಮುಖವಿಲ್ಲದಿದ್ದರೂ ಗುರುತು ಸಿಗುವ ಜನ

ಉದ್ಯಾನದ ಚಿತ್ರ ಬರೆಯುವಾಗ ಮರ, ಹುಲ್ಲು, ದಾರಿ ಹೇಗೋ ಬರುತ್ತವೆ. ಮನುಷ್ಯರನ್ನು ಬರೆಯಬೇಕಾದಾಗ ಕೈ ನಿಲ್ಲುತ್ತದೆ. ಕಣ್ಣು, ಮೂಗು ಎಲ್ಲವನ್ನೂ ತೋರಿಸಲು ಹೋಗುವುದೇ ಇದಕ್ಕೆ ಕಾರಣ. ಇಂಪ್ರೆಷನಿಸ್ಟ್ ಕಲಾವಿದರ ದಾರಿ ಬೇರೆ. 1874ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ನಡೆಸಿದ ಮೊನೆ, ರೆನ್ವಾ ಮೊದಲಾದವರು ವಸ್ತುವಿಗಿಂತ ಅದರ ಮೇಲೆ ಬಿದ್ದ ಬೆಳಕಿಗೆ ಗಮನ ಕೊಟ್ಟರು. ನಮ್ಮ ರಾಜ್ಯದಲ್ಲಿ ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದು ಹೆಸರಾದರು.

ನಾನು ಯಾದವಗಿರಿ ಬಳಿಯ ಚೆಲುವಾಂಬ ಪಾರ್ಕಿನಲ್ಲಿ ಪೋಸ್ಟರ್ ಕಲರ್‌ನಿಂದ ಅಭ್ಯಾಸ ಮಾಡುವ ಕ್ರಮ ಹೀಗಿದೆ.

1. ಸಮಯ: ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಹೋಗಿ. ಆಗ ನೆರಳು ಉದ್ದವಾಗಿರುತ್ತದೆ. ಬೆಳಕು ಬೇಗ ಬದಲಾಗುವುದರಿಂದ ಒಂದು ಗಂಟೆಯಲ್ಲಿ ಮುಗಿಸಬೇಕು.

2. ನೋಟ: ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಎಲೆಗಳು ಮಾಯವಾಗಿ ಬೆಳಕು, ನೆರಳಿನ ದೊಡ್ಡ ಭಾಗಗಳು ಉಳಿಯುತ್ತವೆ. ಮೊದಲು ಅವನ್ನೇ ತುಂಬಿ. ಅಕೌಂಟೆನ್ಸಿಯಲ್ಲಿ ಒಂದು ಪೈಸೆ ಬಿಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ಬಿಡುವುದನ್ನೇ ಕಲಿಯಬೇಕು.

3. ನೆರಳು: ಕಪ್ಪು ಬೇಡ. ನೀಲಿಗೆ ಸ್ವಲ್ಪ ಕೆಂಪು ಬೆರೆಸಿ. ಬಿಸಿಲು ತಾಗದ ಜಾಗಕ್ಕೂ ಆಕಾಶದ ನೀಲಿ ಬೆಳಕು ಬೀಳುತ್ತಿರುತ್ತದೆ.

4. ಜನ: ನಾವು ನಿಂತು ನೋಡಿದರೆ, ಸಮತಟ್ಟಾದ ನೆಲದಲ್ಲಿ ನಿಂತ ದೊಡ್ಡವರ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ದೂರದವರ ಪಾದ ಮಾತ್ರ ಮೇಲೆ ಬರುತ್ತದೆ. ದೇಹಕ್ಕೆ ಕುಂಚದ ಒಂದು ಗೀಟು, ತಲೆಗೆ ಚಿಕ್ಕ ಚುಕ್ಕೆ, ಕಾಲುಗಳು ಕೆಳಗೆ ಸಣ್ಣಗಾಗಲಿ. ಪಾದಕ್ಕೆ ನೆರಳನ್ನು ಅಂಟಿಸಿ. ಇಲ್ಲದಿದ್ದರೆ ಜನ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ.

ನಮ್ಮ ಮನೆಯಲ್ಲಿ ದಾದೀಮಾಗೆ ಮನುಷ್ಯರ ಚಿತ್ರ ಬರೆಯುವುದು ಇಷ್ಟವಿಲ್ಲ. ಈ ವಿಷಯದಲ್ಲಿ ಮನೆಮನೆಗೂ ಅಭಿಪ್ರಾಯ ಬೇರೆ. ಅವರ ಮಾತಿಗೆ ಬೆಲೆ ಕೊಟ್ಟು, ನಮಾಜ್ ಮಾಡುವ ಕೋಣೆಯಲ್ಲಿ ನನ್ನ ಯಾವ ಚಿತ್ರವನ್ನೂ ಇಟ್ಟಿಲ್ಲ. ಓದುವ ಮೇಜಿನ ಮೇಲಿದ್ದ ಪಾರ್ಕಿನ ಚಿತ್ರವನ್ನು ಅವರೇ ಒಂದು ದಿನ ಎತ್ತಿ ನೋಡಿದರು. "ಈ ಹೆಂಗಸಿಗೆ ಮಂಡಿ ನೋವು, ಅಲ್ವಾ?" ಎಂದು ಉರ್ದುವಿನಲ್ಲಿ ಕೇಳಿದರು. ಅಲ್ಲಿದ್ದದ್ದು ಒಂದು ಕಡೆ ವಾಲಿದ ನೇರಳೆ ಬಣ್ಣದ ಗೀಟು ಮಾತ್ರ. ಮನುಷ್ಯರ ಗುರುತು ಮುಖದಲ್ಲಿ ಮಾತ್ರವಲ್ಲ, ನಿಲ್ಲುವ, ನಡೆಯುವ ರೀತಿಯಲ್ಲೂ ಇರುತ್ತದೆ.

ಪಾರ್ಕಿಗೆ ಹೋಗುವ ಮೊದಲು ಹಳೆಯ ನೋಟ್‌ಬುಕ್ಕಿನಲ್ಲಿ ನಡೆಯುವ, ಕೂತ, ಬಗ್ಗಿದ ಇಪ್ಪತ್ತು ಜನರನ್ನು ಒಂದೊಂದೇ ಗೀಟಿನಲ್ಲಿ ಬರೆದು ನೋಡಿ. ಕೈ ಸಡಿಲವಾಗುತ್ತದೆ.