ಪಿಕಪ್ ಗಾಡಿಗೆ ಹೊರಗಿನ ಏರ್ ಫಿಲ್ಟರ್: ಹಾಕಿಸುವ ಮುನ್ನ ತಿಳಿಯಬೇಕಾದದ್ದು



ಸಂಘದಲ್ಲಿ ಕ್ಯಾನಿನ ಬಾಯಿಗೆ ಜರಡಿ ಇಟ್ಟು, ಬಟ್ಟೆ ಹಾಸಿ ಹಾಲು ಸೋಸುವುದನ್ನು ನೀವು ದಿನವೂ ನೋಡುತ್ತೀರಿ. ಬಟ್ಟೆ ಸವೆದು ತೆಳುವಾದರೆ ಹಾಲು ಬೇಗ ಇಳಿಯುತ್ತದೆ, ಅದರೊಡನೆ ಕಸವೂ ಇಳಿಯುತ್ತದೆ. ಬೇಗ ಇಳಿಯಿತೆಂದು ಆ ಬಟ್ಟೆಯನ್ನು ಯಾರೂ ಹೊಗಳುವುದಿಲ್ಲ. ಗಾಡಿಯ ಏರ್ ಫಿಲ್ಟರ್ ವಿಷಯಕ್ಕೆ ಬಂದಾಗ ಮಾತ್ರ ನಮ್ಮಲ್ಲಿ ಅನೇಕರು ಈ ತಿಳಿವಳಿಕೆಯನ್ನು ಮರೆತುಬಿಡುತ್ತಾರೆ.

ಈಗ ಎಷ್ಟೋ ಸದಸ್ಯರ ಮನೆಯಲ್ಲಿ ಪಿಕಪ್ ಇದೆ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಪಶು ಆಹಾರದ ಮೂಟೆ, ಸಂಜೆ ಹಸಿ ಮೇವು. ಇಂಥವರಿಗೆ ಬಿಡಿಭಾಗದ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಒಂದು ಸಲಹೆ ಬರುತ್ತದೆ: ಕಂಪನಿಯ ಫಿಲ್ಟರ್ ಡಬ್ಬಿಯನ್ನೇ ತೆಗೆದು ಕೋನಿನ ಆಕಾರದ ಹೊಸ ಫಿಲ್ಟರ್ ಹಾಕಿಸಿ, ಗಾಡಿ ಚೆನ್ನಾಗಿ ಎಳೆಯುತ್ತದೆ, ಡೀಸೆಲ್ ಉಳಿಯುತ್ತದೆ. ಹಣ ಕೊಡುವ ಮೊದಲು ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ನಮ್ಮ 40 ಲೀಟರಿನ ಕ್ಯಾನಿನಲ್ಲಿ ಅಳೆದರೆ 250 ಕ್ಯಾನು! ಇಷ್ಟು ಗಾಳಿಯನ್ನು ಗಾಡಿ ಎಳೆದುಕೊಳ್ಳುವುದು ನಮ್ಮ ಹೊಲದ ದಾರಿಯ ಧೂಳಿನೊಳಗಿಂದ. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಎಂಜಿನ್ನಿನ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣುವ ಕಸಕ್ಕಿಂತ ಕಾಣದ ಸಣ್ಣ ಕಣವೇ ಅಪಾಯಕಾರಿ. ಅದು ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಮೊದಲ ಪೆಟ್ಟು ಟರ್ಬೊದ ರೆಕ್ಕೆಗೆ. ಚಳಿಯಲ್ಲಿ ಬೇಗ ಸ್ಟಾರ್ಟ್ ಆಗದಿರುವುದು, ಎಂಜಿನ್ ಆಯಿಲ್ ಕಡಿಮೆಯಾಗುತ್ತಾ ಹೋಗುವುದು, ನೀಲಿ ಹೊಗೆ, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಸವೆತ ಆಗಿಹೋಗಿರುತ್ತದೆ. ಎಂಜಿನ್ ಬಿಚ್ಚಿಸುವುದೆಂದರೆ ಒಂದು ಕರೆಯುವ ಹಸುವಿನ ಬೆಲೆಯ ಮಾತು. ಗಾಡಿ ದಾರಿಯಲ್ಲಿ ನಿಂತು ಬೆಳಗಿನ ಹಾಲು ಒಡೆದರೆ ಆ ನಷ್ಟ ಬೇರೆ.

ಇನ್ನು ಎಳೆತದ ಮಾತು. ಡೀಸೆಲ್ ಎಂಜಿನ್ ಉರಿಯಲು ಬೇಕಾದುದಕ್ಕಿಂತ ಹೆಚ್ಚಿನ ಗಾಳಿಯಲ್ಲೇ ಕೆಲಸ ಮಾಡುವಂಥದ್ದು. ಅದರ ಶಕ್ತಿ ಹೆಚ್ಚು ಕಡಿಮೆಯಾಗುವುದು ಒಳಗೆ ಚಿಮ್ಮುವ ಡೀಸೆಲಿನ ಪ್ರಮಾಣದಿಂದ. ಆದ್ದರಿಂದ ಬೇರೇನನ್ನೂ ಬದಲಿಸದೆ ಫಿಲ್ಟರ್ ಒಂದನ್ನೇ ಬದಲಿಸಿದರೆ ಸಿಗುವ ಲಾಭ ಅತ್ಯಲ್ಪ. "ಹಾಕಿಸಿದ ಮೇಲೆ ಗಾಡಿ ಹಾರುತ್ತಿದೆ" ಎನ್ನುವವರ ಹಳೆಯ ಫಿಲ್ಟರನ್ನು ಕೇಳಿ ನೋಡಿ. ಅದು ಧೂಳು ತುಂಬಿ ಉಸಿರು ಕಟ್ಟಿದ್ದಿರಬೇಕು. ಅದೇ ಜಾಗಕ್ಕೆ ಕಂಪನಿಯ ಹೊಸ ಫಿಲ್ಟರ್ ಹಾಕಿದ್ದರೂ ಗಾಡಿ ಹಾರುತ್ತಿತ್ತು. ಮುಚ್ಚಳವಿಲ್ಲದ ಫಿಲ್ಟರಿನಿಂದ ಸದ್ದು ಜೋರಾಗಿ ಬರುವುದು ನಿಜ. ಸದ್ದನ್ನೇ ಎಳೆತವೆಂದು ತಿಳಿಯುವುದೂ ಉಂಟು. ಜೊತೆಗೆ ಬಾನೆಟ್ ಒಳಗೆ ತೆರೆದಿಟ್ಟ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿ ತೆಳು. ಕಂಪನಿಯವರು ಡಬ್ಬಿಗೆ ಕೊಳವೆ ಇಟ್ಟು ತಂಪು ಗಾಳಿ ಬರುವ ಕಡೆ ಅದರ ಬಾಯಿ ತಿರುಗಿಸಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಹೊರಗಿನ ಮಾಲು ಕೊಳ್ಳಲೇಬಾರದೇ? ಕೊಳ್ಳಬಹುದು, ನೋಡಿ ಕೊಳ್ಳಬೇಕು. ಮೊದಲು ಕೇಳಬೇಕಾದ್ದು ಎಷ್ಟು ಗಾಳಿ ಬಿಡುತ್ತದೆ ಎಂದಲ್ಲ, ಎಷ್ಟು ಧೂಳು ತಡೆಯುತ್ತದೆ ಎಂದು. ಇದನ್ನು ಅಳೆಯಲು ಐ.ಎಸ್.ಓ. 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮವಿದೆ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ಕೈಪಿಡಿಯಲ್ಲಿ ಆ ಪರೀಕ್ಷೆಯ ಅಂಕಿ ಇದೆಯೇ ನೋಡಿ. ಶೇಕಡಾ 98 ಮತ್ತು 99.5ರ ನಡುವೆ ಏನು ಮಹಾ ವ್ಯತ್ಯಾಸ ಎನ್ನಬೇಡಿ. 100 ಗ್ರಾಂ ಧೂಳು ಬಂದರೆ ಮೊದಲನೆಯದು 2 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು ಅರ್ಧ ಗ್ರಾಂ. ನಾಲ್ಕು ಪಟ್ಟು! ಫ್ಯಾಟ್‌ನಲ್ಲಿ ಒಂದು ಪಾಯಿಂಟ್ ಇಳಿದರೆ ಜಗಳ ತೆಗೆಯುವ ನಮಗೆ ಈ ಲೆಕ್ಕ ಕಷ್ಟವಾಗಬಾರದು.

ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಒಂದು ಬಗೆ. ತೊಳೆದು ಮತ್ತೆ ಬಳಸಬಹುದು, ಗಾಳಿಯೂ ಸರಾಗ. ಆದರೆ ತೊಳೆದ ಮೇಲೆ ಪೂರ್ತಿ ಒಣಗಿಸಿ, ಅದಕ್ಕೆಂದೇ ಬರುವ ಎಣ್ಣೆಯನ್ನು ಹದವಾಗಿ ಹಚ್ಚಬೇಕು. ಕಡಿಮೆಯಾದರೆ ಧೂಳು ನುಗ್ಗುತ್ತದೆ. ಹೆಚ್ಚಾದರೆ ಎಣ್ಣೆ ಮುಂದಕ್ಕೆ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ಗಾಡಿಗಳಲ್ಲಿ, ಅದಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲೂ, ಸಾಮಾನ್ಯವಾಗಿ ಫಿಲ್ಟರ್ ದಾಟಿದ ಕೂಡಲೇ ಗಾಳಿ ಅಳೆಯುವ ಸೆನ್ಸರ್ ಇರುತ್ತದೆ. ಅದರ ಮೇಲೆ ಎಣ್ಣೆ ಕೂತರೆ ಅಳತೆ ತಪ್ಪಿ ಗಾಡಿ ಎಳೆಯದೆ ಹೋಗಬಹುದು. ವಾರಂಟಿ ಇನ್ನೂ ಇದ್ದರೆ ಅದರ ಷರತ್ತನ್ನೂ ಓದಿಸಿ ನೋಡಿ.

ನಿತ್ಯ ಧೂಳಿನ ದಾರಿಯಲ್ಲಿ ಓಡುವ ಹಾಲಿನ ಗಾಡಿಗೆ ಕಂಪನಿಯ ಡಬ್ಬಿಯನ್ನೇ ಉಳಿಸಿಕೊಂಡು, ಅದಕ್ಕೆ ಸರಿಯಾಗಿ ಕೂರುವ ಒಳ್ಳೆಯ ಕಾಗದದ ಫಿಲ್ಟರ್ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊರಗಿನ ಕಂಪನಿಯದಾದರೂ ಅಡ್ಡಿಯಿಲ್ಲ. ಹಳೆಯದನ್ನು ಅಂಗಡಿಗೆ ಒಯ್ದು ಎತ್ತರ, ಅಗಲ, ರಬ್ಬರಿನ ಅಂಚು ಹೋಲಿಸಿ. ಅಂಚು ಒಂದು ಕಡೆ ಕೂರದಿದ್ದರೆ ಶೇಕಡಾ 99.5 ಎಂಬುದೆಲ್ಲ ಬರೀ ಪೆಟ್ಟಿಗೆಯ ಮೇಲಿನ ಮಾತು; ಗಾಳಿ ಸುಲಭದ ದಾರಿಯಲ್ಲೇ ನುಗ್ಗುತ್ತದೆ.

ಕಾಗದದ ಫಿಲ್ಟರನ್ನು ತೊಳೆಯಬೇಡಿ, ಗಾಡಿಯ ಟೈರಿಗೆ ಬಡಿಯಬೇಡಿ. ಮೇಲೆ ತೆಳುವಾಗಿ ಕೂತ ಧೂಳು ಹಾಗೆ ನೋಡಿದರೆ ಸೋಸುವುದಕ್ಕೆ ಸಹಾಯವನ್ನೇ ಮಾಡುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಕೊಡವುವವರ ಫಿಲ್ಟರೇ ಬೇಗ ಹರಿಯುವುದು. ಕೈಪಿಡಿಯಲ್ಲಿ ಒಪ್ಪಿಗೆ ಇದ್ದರೆ ಮಾತ್ರ ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಿಸಿ. ಆಮೇಲೆ ಕತ್ತಲೆಯಲ್ಲಿ ಒಳಗೆ ಬಲ್ಬು ಹಿಡಿದು ನೋಡಿ. ಚುಕ್ಕಿಯಂತೆ ಬೆಳಕು ಕಂಡರೆ ಅದು ತೂತು. ಅಂಥದ್ದನ್ನು ಎಸೆಯಿರಿ.

ಮಳೆಗಾಲದ ಒಂದು ಮಾತು. ಗಾಳಿ ಎಳೆಯುವ ಬಾಯಿಯನ್ನು ಬಂಪರಿನ ಕೆಳಗೆ ಇಳಿಸುವ ಕಿಟ್‌ಗಳು ಬಂದಿವೆ. ನಮ್ಮ ಹಳ್ಳ ದಾಟುವ ದಾರಿಗಳಿಗೆ ಅವು ಬೇಡವೇ ಬೇಡ. ನೀರನ್ನು ಪಿಸ್ಟನ್ ಒತ್ತಲಾರದು. ಒಂದು ಗುಟುಕು ಒಳಗೆ ಹೋದರೂ ಕನೆಕ್ಟಿಂಗ್ ರಾಡು ಬಾಗಬಹುದು.

ಯಾವುದೇ ಫಿಲ್ಟರ್ ಹಾಕಿಸಿ, ನಾಲ್ಕು ದಿನ ಧೂಳಿನ ದಾರಿಯಲ್ಲಿ ಓಡಿಸಿದ ಮೇಲೆ ಎಂಜಿನ್ ನಿಲ್ಲಿಸಿ, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬಿಚ್ಚಿ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಫಿಲ್ಟರ್ ಸೋಸುತ್ತಿಲ್ಲ, ಇಲ್ಲವೇ ಕ್ಲಾಂಪು ಸಡಿಲವಾಗಿದೆ, ಇಲ್ಲವೇ ಪೈಪು ಸೀಳಿದೆ. ಅದು ಯಾವುದೆಂದು ಗೊತ್ತಾಗುವವರೆಗೆ ಕ್ಯಾನುಗಳನ್ನು ಬೇರೆ ಗಾಡಿಯಲ್ಲಿ ಕಳಿಸಿ.