ಮೊದಲು ನೀರು, ಆಮೇಲೆ ಮೀನು

ಗಾಜಿನ ತೊಟ್ಟಿ ತಂದ ದಿನವೇ ಮೀನು ಬಿಡುವ ಅವಸರ ಬೇಡ ಪುಟ್ಟಾ. ಮೀನು ಸಾಕುವುದೆಂದರೆ ಮುಕ್ಕಾಲು ಪಾಲು ನೀರು ಸಾಕುವುದೇ. ಹಿಕ್ಕೆಯಿಂದ, ತಿಂದು ಮಿಕ್ಕಿದ್ದರಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ತಿಂಗಳಾದರೂ ಬೇಕು. ಅಲ್ಲಿವರೆಗೆ ಬರೀ ನೀರಿಗೇ ಚಿಟಿಕೆ ಆಹಾರ ಹಾಕುತ್ತಿರು. ಸ್ಪಂಜನ್ನು ನಲ್ಲಿಯಡಿ ಉಜ್ಜಬೇಡ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡು.

ನಮ್ಮ ಹೊರಕೆರೆದೇವಪುರದ ಕಡೆ ಬೋರ್‌ವೆಲ್ ನೀರು ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀಯಲ್ಲ? ಅದಕ್ಕೇ ಗಪ್ಪಿ ಸಾಕು ಅನ್ನುವುದು. ವೆನೆಜುವೆಲಾ, ಟ್ರಿನಿಡಾಡ್ ಮೂಲದ ಈ ಸಾಧು ಮೀನಿಗೆ ಗಡಸು ನೀರು ಒಗ್ಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನು ಹೊರಬೇಡ, ಅದರಲ್ಲಿ ಖನಿಜ ಉಳಿದಿರುವುದೇ ಕಮ್ಮಿ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆಯಿದ್ದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಬಳಸು. ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪಿನಂಶ ಆರುವುದಿಲ್ಲ. ಬರೀ ಬೋರ್ ನೀರು ತುಂಬುತ್ತ ಹೋದರೆ ಗಪ್ಪಿಗೂ ತಡೆಯಲಾಗದು. ವಾರಕ್ಕೊಮ್ಮೆ ಕಾಲುಭಾಗ ತೆಗೆದು ಹೊಸದು ಹಾಕು; ಆರಿದಷ್ಟಕ್ಕೆ, ಹಿಡಿದಿಟ್ಟ ಮಳೆನೀರು ಇದ್ದರೆ ಅದನ್ನೇ ಸುರಿ.

ಬಣ್ಣದ ಬಾಲದ ಚಿಕ್ಕದು ಗಂಡು, ದಪ್ಪ ಹೊಟ್ಟೆಯದು ಹೆಣ್ಣು. ಒಂದು ಗಂಡಿಗೆ ಎರಡು ಮೂರು ಹೆಣ್ಣಿರಲಿ. ಇಲ್ಲದಿದ್ದರೆ ಗಂಡಿನ ಕಾಟಕ್ಕೆ ಹೆಣ್ಣು ಸೊರಗುತ್ತದೆ. ಇದು ಮೊಟ್ಟೆಯಿಡುವ ಜಾತಿಯಲ್ಲ, ಸುಮಾರು ತಿಂಗಳಿಗೊಮ್ಮೆ ಮರಿಯನ್ನೇ ಹಾಕುತ್ತದೆ. ಹೆತ್ತದ್ದೇ ಮರಿಯನ್ನು ನುಂಗುವುದೂ ಉಂಟು. ಮರಿ ಅಡಗಲು ನೀರುಗಿಡ ಒತ್ತಾಗಿ ಬೆಳೆಸು. ಆಹಾರ ನುಣ್ಣಗೆ ಪುಡಿಮಾಡಿ ದಿನಕ್ಕೆ ಮೂರು ಸಲ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕು.

ಮರಿ ಹೆಚ್ಚಾದವೆಂದು ಕೆರೆಗೋ ಹಳ್ಳಕ್ಕೋ ಮಾತ್ರ ಬಿಡಬೇಡ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡುತ್ತಾರಲ್ಲ ಅನ್ನುತ್ತೀಯ. ಬಾವಿ, ತೊಟ್ಟಿಗೆ ಬಿಟ್ಟದ್ದು ನಿಜ. ಆದರೆ ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಅಂಥ ಒಂದು ಸಾಕು, ಕೆರೆ ತುಂಬ ಗಪ್ಪಿಯಾಗಿ ಊರಿನ ಸಣ್ಣ ಮೀನಿನ ಪಾಲು ಕಿತ್ತುಕೊಳ್ಳಲು. ಹೊರಗೆ ಹರಿಯದ ಸಿಮೆಂಟು ತೊಟ್ಟಿಯಿರುವ ಮನೆಗಳನ್ನು ಮೊದಲೇ ಕೇಳಿಟ್ಟುಕೋ. ಬೇಕೆನ್ನುವವರು ಸಿಗದಿದ್ದರೆ ಬರೀ ಗಂಡುಗಳನ್ನೇ ಸಾಕು, ಬಣ್ಣ ಇರುವುದೂ ಅವಕ್ಕೇ.